ಓದುಗರ ಪ್ರಶ್ನೆ, ವೈದ್ಯರ ಉತ್ತರ: ದೊಡ್ಡವರ ಎಡಿಎಚ್‌ಡಿ

ಪ್ರಶ್ನೆ: ನನಗೆ 36 ವರ್ಷ, ಲೆಕ್ಕಪತ್ರ ವಿಭಾಗದಲ್ಲಿ ಕೆಲಸ. ಬಿಲ್ಲು ಕಟ್ಟುವ ದಿನ, ಮಗಳ ಶಾಲೆಯ ಸಭೆ, ಒಲೆಯ ಮೇಲಿಟ್ಟ ಪಾತ್ರೆ ಯಾವುದೂ ನೆನಪಿನಲ್ಲಿ ನಿಲ್ಲುವುದಿಲ್ಲ. ಕೊನೆಯ ದಿನ ಬರುವವರೆಗೆ ಕೆಲಸಕ್ಕೆ ಕೈ ಹಚ್ಚಲಾರೆ, ಆಮೇಲೆ ರಾತ್ರಿಯಿಡೀ ಕುಳಿತು ಮುಗಿಸುತ್ತೇನೆ. ಕಳೆದ ವರ್ಷ ಮಗಳಿಗೆ ಎಡಿಎಚ್‌ಡಿ (ಗಮನದ ಕೊರತೆ ಮತ್ತು ಅತಿಚಟುವಟಿಕೆಯ ತೊಂದರೆ) ಇದೆಯೆಂದು ತಿಳಿದಾಗ, ವೈದ್ಯರು ಅವಳ ಬಗ್ಗೆ ಕೇಳಿದ್ದೆಲ್ಲ ನನ್ನ ಬಾಲ್ಯದ ಕಥೆಯೇ ಅನ್ನಿಸಿತು. ನಮ್ಮ ಕುಟುಂಬ ವೈದ್ಯರಲ್ಲಿ ಹೇಳಿಕೊಂಡರೆ, ‘ಪದವಿ ಮುಗಿಸಿ ಕೆಲಸದಲ್ಲಿದ್ದೀರಿ, ಅದು ಮಕ್ಕಳ ತೊಂದರೆ’ ಎಂದುಬಿಟ್ಟರು. ತಪಾಸಣೆಗೆ ಯಾರ ಬಳಿ ಹೋಗಬೇಕು? ಅಲ್ಲಿ ಏನು ಕೇಳುತ್ತಾರೆ?

ಉತ್ತರ: ನಿಮ್ಮ ಅನುಮಾನಕ್ಕೆ ಆಧಾರವಿದೆ. ಅವಳಿಗಳ ಮೇಲೆ ನಡೆದ ಅಧ್ಯಯನಗಳು ಈ ತೊಂದರೆಯಲ್ಲಿ ಅನುವಂಶೀಯತೆಯ ಪಾಲು ಶೇ 70ರಿಂದ 80ರಷ್ಟಿದೆ ಎಂದು ತೋರಿಸಿವೆ. ಹೀಗಾಗಿ ಮಕ್ಕಳ ತಪಾಸಣೆಗೆಂದು ಬಂದ ತಾಯಿ ಅಥವಾ ತಂದೆ ತಮ್ಮನ್ನೇ ಅಲ್ಲಿ ಗುರುತಿಸಿಕೊಳ್ಳುವುದು ನಮಗೆ ಅಪರೂಪವಲ್ಲ. ಪದವಿ ಪಡೆದವರಿಗೆ ಎಡಿಎಚ್‌ಡಿ ಇರಲಾರದು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಬುದ್ಧಿ ಚುರುಕಾಗಿದ್ದು, ಮನೆಯವರು ಹಿಂದೆ ನಿಂತು ಎಲ್ಲವನ್ನೂ ನೆನಪಿಸುತ್ತಿದ್ದರೆ ಶಾಲೆ, ಕಾಲೇಜು ಎರಡೂ ದಾಟಿಹೋಗುತ್ತವೆ. ಮನೆ, ಮಗು, ಉದ್ಯೋಗದ ಹೊಣೆ ಒಟ್ಟಿಗೆ ಹೆಗಲೇರಿದ ಮೇಲೆಯೇ ಒಳಗಿನ ಕಷ್ಟ ಹೊರಗೆ ಕಾಣುತ್ತದೆ. ಹೆಣ್ಣುಮಕ್ಕಳಲ್ಲಿ ಓಡಾಟದ ಗಲಾಟೆಗಿಂತ ಕನಸುಗಣ್ಣಿನ ಮರೆವೇ ಹೆಚ್ಚಾಗಿ ಇರುವುದರಿಂದ ತರಗತಿಯಲ್ಲಿ ಯಾರಿಗೂ ತೊಂದರೆಯಾಗುವುದಿಲ್ಲ, ಯಾರ ಗಮನವೂ ಅತ್ತ ಹರಿಯುವುದಿಲ್ಲ.

ತಪಾಸಣೆಯನ್ನು ಸಾಮಾನ್ಯವಾಗಿ ಮಾಡುವವರು ಮನೋವೈದ್ಯರು, ಅಥವಾ ಇದರಲ್ಲಿ ತರಬೇತಿ ಪಡೆದ ಚಿಕಿತ್ಸಾ ಮನಶ್ಶಾಸ್ತ್ರಜ್ಞರು. ಔಷಧವನ್ನು ಬರೆಯಲು ವೈದ್ಯರೇ ಬೇಕು. ಕುಟುಂಬ ವೈದ್ಯರ ಬಳಿ ಮತ್ತೊಮ್ಮೆ ಹೋಗುವುದಾದರೆ, ‘ನನಗೆ ಎಡಿಎಚ್‌ಡಿ ಇದೆ’ ಎಂದು ವಾದಕ್ಕೆ ನಿಲ್ಲಬೇಡಿ. ಕಳೆದ ಆರು ತಿಂಗಳಲ್ಲಿ ಕಟ್ಟಿದ ದಂಡ, ಕೆಲಸದಲ್ಲಿ ಬಂದ ಎಚ್ಚರಿಕೆ, ತಪ್ಪಿಹೋದ ಸಭೆಗಳು, ಮನೆಯಲ್ಲಿ ಎದ್ದ ಜಗಳ ಇವನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ, ಮನೋವೈದ್ಯರಿಗೆ ಪತ್ರ ಕೊಡಿ ಎಂದು ಕೇಳಿ. ರೋಗದ ಹೆಸರನ್ನು ತಳ್ಳಿಹಾಕಿದವರೂ ಆಗಿರುವ ನಷ್ಟವನ್ನು ಅಷ್ಟು ಸುಲಭವಾಗಿ ತಳ್ಳಿಹಾಕಲಾರರು.

ಈ ತೊಂದರೆಯನ್ನು ಖಚಿತಪಡಿಸುವ ರಕ್ತಪರೀಕ್ಷೆಯಾಗಲಿ ಮೆದುಳಿನ ಸ್ಕ್ಯಾನ್ ಆಗಲಿ ಇಲ್ಲ. ತಪಾಸಣೆಯೆಂದರೆ ಬಾಲ್ಯದಿಂದ ಇಂದಿನವರೆಗಿನ ನಿಮ್ಮ ಬದುಕನ್ನು ಕ್ರಮವಾಗಿ ಕೇಳುವ ದೀರ್ಘ ಮಾತುಕತೆ. ಅಮೆರಿಕದ ಮನೋವೈದ್ಯರ ಸಂಘವು 2013ರಲ್ಲಿ ಹೊರತಂದ, ಮಾನಸಿಕ ತೊಂದರೆಗಳನ್ನು ಗುರುತಿಸುವ ಡಿಎಸ್‌ಎಂ-5 ಕೈಪಿಡಿಯ ಪ್ರಕಾರ, ಗಮನಕ್ಕೆ ಸಂಬಂಧಿಸಿದ 9 ಲಕ್ಷಣಗಳಲ್ಲಾಗಲಿ, ಚಡಪಡಿಕೆ ಮತ್ತು ಆತುರಕ್ಕೆ ಸಂಬಂಧಿಸಿದ 9 ಲಕ್ಷಣಗಳಲ್ಲಾಗಲಿ, 17 ವರ್ಷ ತುಂಬಿದವರಲ್ಲಿ ಕನಿಷ್ಠ 5 ಇರಬೇಕು (ಮಕ್ಕಳಲ್ಲಾದರೆ 6). ಅವು ಕನಿಷ್ಠ ಆರು ತಿಂಗಳು ಉಳಿದಿರಬೇಕು, ಮನೆ ಮತ್ತು ಕೆಲಸದಂತಹ ಎರಡು ಕಡೆಯಾದರೂ ಕಾಣಿಸಿಕೊಂಡು ಬದುಕಿಗೆ ಅಡ್ಡಿಯಾಗಿರಬೇಕು, ಮತ್ತು ಕೆಲವಾದರೂ 12 ವರ್ಷದೊಳಗೆ ಶುರುವಾಗಿರಬೇಕು. ಹಿಂದಿನ ಆವೃತ್ತಿಯಲ್ಲಿ ಈ ಮಿತಿ 7 ವರ್ಷವಿತ್ತು. ತನ್ನ ಏಳನೆಯ ವರ್ಷದ ವರ್ತನೆಯನ್ನು ನಿಖರವಾಗಿ ಹೇಳಬಲ್ಲ ವಯಸ್ಕರು ಎಷ್ಟು ಮಂದಿ ಇದ್ದಾರು? ಆ ಬದಲಾವಣೆಯಿಂದ ದೊಡ್ಡವರ ತಪಾಸಣೆ ಹೆಚ್ಚು ನ್ಯಾಯಯುತವಾಯಿತು ಎಂದೇ ನಾನು ನಂಬಿದ್ದೇನೆ.

ಬಾಲ್ಯದ ಈ ಸಾಕ್ಷ್ಯಕ್ಕಾಗಿಯೇ ಹಳೆಯ ಅಂಕಪಟ್ಟಿಗಳನ್ನು ಹುಡುಕಿಡಿ. ಅಂಕಗಳಿಗಿಂತ ಶಿಕ್ಷಕರು ಪಕ್ಕದಲ್ಲಿ ಬರೆದ ‘ಜಾಣೆ, ಆದರೆ ಗಮನವಿಲ್ಲ’ ಎಂಬಂತಹ ಸಾಲು ನಮಗೆ ಹೆಚ್ಚು ಹೇಳುತ್ತದೆ. ಸಾಧ್ಯವಾದರೆ ತಾಯಿಯನ್ನೋ ಅಕ್ಕನನ್ನೋ ಜೊತೆಗೆ ಕರೆದುಕೊಂಡು ಹೋಗಿ. ಅದಾಗದಿದ್ದರೆ ಅವರೊಡನೆ ಫೋನಿನಲ್ಲಿ ಮಾತನಾಡಲು ವೈದ್ಯರಿಗೆ ಒಪ್ಪಿಗೆ ಕೊಡಿ.

ವೈದ್ಯರು ನಿಮ್ಮ ನಿದ್ರೆ, ಗೊರಕೆ, ಮದ್ಯಪಾನ, ಮನಸ್ಸಿನ ಏರಿಳಿತಗಳ ಬಗ್ಗೆ ಕೇಳಿದರೆ, ಥೈರಾಯ್ಡ್ ಮತ್ತು ರಕ್ತಹೀನತೆಗೆ ಪರೀಕ್ಷೆ ಬರೆದರೆ, ನಿಮ್ಮನ್ನು ನಂಬುತ್ತಿಲ್ಲವೆಂದು ನೊಂದುಕೊಳ್ಳಬೇಡಿ. ನಿದ್ರೆಯಲ್ಲಿ ಉಸಿರು ಕಟ್ಟುವ ತೊಂದರೆ, ಖಿನ್ನತೆ, ಆತಂಕ, ಬೈಪೋಲಾರ್ (ಮನಸ್ಸು ಅತಿ ಉತ್ಸಾಹ ಮತ್ತು ಖಿನ್ನತೆಯ ನಡುವೆ ತೂಗಾಡುವ ತೊಂದರೆ) ಇವೆಲ್ಲವೂ ಗಮನವನ್ನು ಕದಡುತ್ತವೆ. ಖಿನ್ನತೆಯ ಮರೆವಿಗೆ ಸಾಮಾನ್ಯವಾಗಿ ಒಂದು ಆರಂಭವಿರುತ್ತದೆ, ಅದಕ್ಕೆ ಹಿಂದೆ ಚೆನ್ನಾಗಿದ್ದ ದಿನಗಳಿರುತ್ತವೆ. ಎಡಿಎಚ್‌ಡಿಯ ಮರೆವು ನೆನಪಿರುವಷ್ಟು ಹಿಂದಿನಿಂದಲೂ ಜೊತೆಗಿರುತ್ತದೆ. ಎರಡೂ ಒಬ್ಬರಲ್ಲೇ ಇರುವುದೂ ಉಂಟು. ಆಗ ಯಾವುದಕ್ಕೆ ಮೊದಲು ಚಿಕಿತ್ಸೆ ಎಂಬುದನ್ನು ತೀರ್ಮಾನಿಸಲು ಇನ್ನೊಂದೆರಡು ಭೇಟಿ ಬೇಕಾದೀತು. ಹತ್ತೇ ನಿಮಿಷದಲ್ಲಿ ಇದೆ ಅಥವಾ ಇಲ್ಲ ಎಂದವರ ತೀರ್ಮಾನವನ್ನು, ಅದು ಯಾವ ಕಡೆಗಿದ್ದರೂ, ಇನ್ನೊಬ್ಬ ತಜ್ಞರಲ್ಲಿ ಪರಿಶೀಲಿಸಿಕೊಳ್ಳುವುದು ಒಳ್ಳೆಯದು.

ಪ್ರಶ್ನೆ: 41 ವರ್ಷದ ನಾನು ಐದು ತಿಂಗಳಿಂದ ಎಡಿಎಚ್‌ಡಿಗೆಂದು ಮೀಥೈಲ್‌ಫೆನಿಡೇಟ್ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ಕೆಲಸ ಸಾಗುತ್ತಿದೆ. ಆದರೆ ಮಧ್ಯಾಹ್ನ ಹಸಿವಿಲ್ಲ, ಸಂಜೆ ಅಕಾರಣವಾಗಿ ಮನೆಯವರ ಮೇಲೆ ರೇಗುತ್ತೇನೆ. ಪ್ರತಿ ಸಲ ರಕ್ತದೊತ್ತಡ, ತೂಕ ನೋಡಲೆಂದು ವೈದ್ಯರು ಕರೆಸುತ್ತಾರೆ. ಇಷ್ಟು ಸಲ ಹೋಗಲೇಬೇಕೇ? ಜೀವನಪರ್ಯಂತ ಮಾತ್ರೆಯೇ?

ಉತ್ತರ: ಹೋಗಲೇಬೇಕು, ಮತ್ತು ಸಂಜೆಯ ಸಿಟ್ಟನ್ನು ನನಗೆ ಬರೆದಷ್ಟೇ ಬಿಚ್ಚಿ ಅವರಿಗೂ ಹೇಳಬೇಕು. ಮಾತ್ರೆಯ ಪರಿಣಾಮ ಇಳಿಯುವ ಹೊತ್ತಿನಲ್ಲಿ ಕೆಲವರಿಗೆ ಹೀಗೆ ರೇಗುವುದು, ಕುಗ್ಗುವುದು ಆಗುತ್ತದೆ. ಪ್ರಮಾಣವನ್ನೋ, ತೆಗೆದುಕೊಳ್ಳುವ ಸಮಯವನ್ನೋ ಬದಲಿಸಿ, ಇಲ್ಲವೇ ದೀರ್ಘಕಾಲ ಕೆಲಸ ಮಾಡುವ ಬಗೆಗೆ ಹೊರಳಿ ಇದನ್ನು ಸರಿಪಡಿಸಬಹುದು. ಹೇಳದಿದ್ದರೆ, ಕೆಲಸ ಸಾಗುತ್ತಿದೆ ಎಂಬುದನ್ನಷ್ಟೇ ಕೇಳಿದ ವೈದ್ಯರು ಅದೇ ಚೀಟಿಯನ್ನು ಮತ್ತೆ ಬರೆಯುತ್ತಾರೆ. ಹಸಿವಿನ ವಿಷಯಕ್ಕೆ, ಮಾತ್ರೆಗೆ ಮುಂಚೆ ಬೆಳಗ್ಗೆ ಹೊಟ್ಟೆ ತುಂಬ ಊಟ ಮಾಡುವುದು ಹಲವರಿಗೆ ನೆರವಾಗಿದೆ.

ಈ ಔಷಧ ನಾಡಿಬಡಿತವನ್ನೂ ರಕ್ತದೊತ್ತಡವನ್ನೂ ಸ್ವಲ್ಪ ಏರಿಸಬಲ್ಲದು. ಹಾಗಾಗಿ ಪ್ರಮಾಣ ಬದಲಿಸುವ ಮುನ್ನ ಮತ್ತು ಬದಲಿಸಿದ ಮೇಲೆ ಎರಡನ್ನೂ ಅಳೆಯುತ್ತಾರೆ, ಪ್ರಮಾಣ ಸ್ಥಿರವಾದ ಮೇಲೆ ಆರು ತಿಂಗಳಿಗೊಮ್ಮೆ ತೂಕದೊಂದಿಗೆ ನೋಡುತ್ತಾರೆ. ಎದೆನೋವು, ತಲೆ ಸುತ್ತಿ ಬೀಳುವುದು, ಹತ್ತಿರದ ಸಂಬಂಧಿಯೊಬ್ಬರು ಚಿಕ್ಕ ವಯಸ್ಸಿನಲ್ಲಿ ಹಠಾತ್ತನೆ ತೀರಿಕೊಂಡದ್ದು ಇಂಥದ್ದೇನಾದರೂ ಇದ್ದರೆ ಮುಚ್ಚಿಡಬೇಡಿ. ಇಸಿಜಿಯ ಅಗತ್ಯವಿದೆಯೇ ಎಂದು ನಿರ್ಧರಿಸುವುದು ಅದರಿಂದಲೇ. ಬಹುತೇಕ ದೇಶಗಳಲ್ಲಿ ಇದು ನಿಯಂತ್ರಿತ ಔಷಧವಾದ್ದರಿಂದ ಚೀಟಿಯ ಅವಧಿಯೂ ಸೀಮಿತ. ಮರೆವಿನ ಚಿಕಿತ್ಸೆಯೇ ಇಷ್ಟೊಂದು ದಿನಾಂಕಗಳನ್ನು ನೆನಪಿಡಲು ಕೇಳುವುದು ಕಷ್ಟವೆಂದು ನನಗೆ ಗೊತ್ತು. ವೈದ್ಯರ ಕೋಣೆಯಿಂದ ಹೊರಬರುವ ಮುನ್ನವೇ ಮುಂದಿನ ದಿನ ಗೊತ್ತುಮಾಡಿ, ಮಾತ್ರೆ ಮುಗಿಯುವುದಕ್ಕೆ ಒಂದು ವಾರ ಮೊದಲು ಫೋನು ಎಚ್ಚರಿಸುವಂತೆ ಇಟ್ಟುಕೊಳ್ಳಿ.

ಮೀಥೈಲ್‌ಫೆನಿಡೇಟ್ ಸೇರಿರುವ ಉತ್ತೇಜಕ ಗುಂಪಿನ ಎರಡು ಔಷಧಗಳನ್ನು ಪ್ರಯತ್ನಿಸಿದ ನಂತರವೂ ಒಗ್ಗದಿದ್ದರೆ ಆಟೊಮಾಕ್ಸೆಟೀನ್ ಎಂಬ ಬೇರೆ ಬಗೆಯ ಔಷಧವಿದೆ. ಮೀಥೈಲ್‌ಫೆನಿಡೇಟಿನ ಪರಿಣಾಮ ಅದೇ ದಿನ ತಿಳಿಯುತ್ತದೆ. ಆಟೊಮಾಕ್ಸೆಟೀನಿನದು ತಿಳಿಯಲು ವಾರಗಳೇ ಬೇಕು, ಎರಡನೆಯ ವಾರದಲ್ಲಿ ಬೇಸತ್ತು ಬಿಟ್ಟರೆ ಅದಕ್ಕೆ ಅವಕಾಶವೇ ಸಿಕ್ಕಂತಾಗುವುದಿಲ್ಲ. ಖಿನ್ನತೆಗೆ ಕೊಡುವ ಫ್ಲೂಆಕ್ಸೆಟೀನ್, ಪ್ಯಾರಾಕ್ಸೆಟೀನ್ ರಕ್ತದಲ್ಲಿ ಆಟೊಮಾಕ್ಸೆಟೀನಿನ ಮಟ್ಟವನ್ನು ಏರಿಸುತ್ತವೆ, ಹಾಗಾಗಿ ನೀವು ನುಂಗುವ ಎಲ್ಲ ಮಾತ್ರೆಗಳ ಪಟ್ಟಿಯೂ ವೈದ್ಯರ ಕೈಯಲ್ಲಿರಲಿ.

ಜೀವನಪರ್ಯಂತ ಎಂದು ಈಗಲೇ ಬರೆದಿಟ್ಟವರಿಲ್ಲ. ವರ್ಷಕ್ಕೊಮ್ಮೆಯಾದರೂ ಔಷಧ ಇನ್ನೂ ಬೇಕೇ ಎಂದು ಕೂತು ವಿಚಾರಿಸಬೇಕು. ಬೇಕೆನಿಸಿದರೆ ವೈದ್ಯರ ಕಣ್ಗಾವಲಿನಲ್ಲಿ ಕೆಲವು ದಿನ ನಿಲ್ಲಿಸಿ ನೋಡಬಹುದು. ಹಲವರು ವರ್ಷಗಟ್ಟಲೆ ಮುಂದುವರಿಸುತ್ತಾರೆ, ಕೆಲವರು ಅರಿವಿನ ವರ್ತನಾ ಚಿಕಿತ್ಸೆಯಲ್ಲಿ (ಯೋಚನೆ ಮತ್ತು ಅಭ್ಯಾಸಗಳನ್ನು ಬದಲಿಸಲು ಕಲಿಸುವ ಮಾತುಕತೆಯ ಚಿಕಿತ್ಸೆ) ಕಲಿತ ಕ್ರಮಗಳು ಗಟ್ಟಿಯಾದ ಮೇಲೆ ಬಿಡುತ್ತಾರೆ. ಮಾತ್ರೆ ಗಮನವನ್ನು ಕೊಡಬಲ್ಲದು. ಆ ಗಮನವನ್ನು ಯಾವ ಕೆಲಸಕ್ಕೆ ಮೊದಲು ಹಚ್ಚಬೇಕೆಂಬುದನ್ನು ಕಲಿಯುವುದಕ್ಕೆ ಈ ಚಿಕಿತ್ಸೆ ಬೇಕು.

ಪ್ರಶ್ನೆ: ಮೊಬೈಲಿನಲ್ಲಿ 18 ಪ್ರಶ್ನೆಗಳ ಒಂದು ಪ್ರಶ್ನಾವಳಿಗೆ ಉತ್ತರಿಸಿದೆ, ಎಡಿಎಚ್‌ಡಿ ಸಾಧ್ಯತೆ ಹೆಚ್ಚು ಎಂದು ಬಂತು. ತಮ್ಮನ ಬಳಿ ಇದರ ಮಾತ್ರೆಗಳಿವೆ. ಒಂದು ನುಂಗಿ, ಕೆಲಸ ಮಾಡಿದರೆ ವೈದ್ಯರ ಬಳಿ ಹೋಗೋಣ ಎಂದುಕೊಂಡಿದ್ದೇನೆ.

ಉತ್ತರ: ದಯವಿಟ್ಟು ಬೇಡ. ಈ ಮಾತ್ರೆ ಎಡಿಎಚ್‌ಡಿ ಇಲ್ಲದವರಲ್ಲೂ ಎಚ್ಚರವನ್ನು ಹೆಚ್ಚಿಸುತ್ತದೆ, ಹಾಗಾಗಿ ಅದು ಕೆಲಸ ಮಾಡಿದರೂ ಏನೂ ಸಾಬೀತಾಗುವುದಿಲ್ಲ. ಗೊತ್ತಾಗದೆ ಉಳಿದ ಹೃದಯದ ತೊಂದರೆಯೋ ಬೈಪೋಲಾರ್ ತೊಂದರೆಯೋ ಇದ್ದರೆ ಅಪಾಯವಂತೂ ನಿಜ. ನೀವು ಉತ್ತರಿಸಿದ್ದು ಬಹುಶಃ ವಿಶ್ವ ಆರೋಗ್ಯ ಸಂಸ್ಥೆಯ ಸ್ವಯಂ ವರದಿ ಪ್ರಶ್ನಾವಳಿ; ಅದರಲ್ಲೂ 18 ಪ್ರಶ್ನೆಗಳಿವೆ, ಮೊದಲ 6 ಪ್ರಶ್ನೆಗಳು ಪ್ರಾಥಮಿಕ ಶೋಧನೆಗೆ. ಯಾರನ್ನು ಪೂರ್ಣ ತಪಾಸಣೆಗೆ ಕಳುಹಿಸಬೇಕು ಎಂಬುದನ್ನು ಅದು ತಿಳಿಸುತ್ತದೆ, ರೋಗನಿರ್ಣಯ ಅದರ ಕೆಲಸವಲ್ಲ. ತುಂಬಿದ ಆ ಹಾಳೆಯನ್ನೇ ಮನೋವೈದ್ಯರ ಬಳಿಗೆ ಒಯ್ಯಿರಿ, ಮತ್ತು ನಿಮ್ಮ ತಮ್ಮನಿಗೆ ಎಡಿಎಚ್‌ಡಿ ಇದೆ ಎಂಬುದನ್ನು ಮೊದಲ ಭೇಟಿಯಲ್ಲೇ ಹೇಳಿರಿ.