ಸರಿ ಯಾವುದು ಅಂತ ಗೊತ್ತಿದ್ದೂ ಯಾಕೆ ತಪ್ಪು ಮಾಡುತ್ತೇವೆ? ಸಾಕ್ರಟೀಸ್ ಏನು ಹೇಳುತ್ತಾನೆ?
ಸಾಕ್ರಟೀಸ್ ಪ್ರಕಾರ, ನಿಜವಾಗಿ ಗೊತ್ತಿದ್ದವರು ತಪ್ಪು ಮಾಡುವುದೇ ಇಲ್ಲ. ತಪ್ಪು ಅಂದರೆ ತಿಳಿವಳಿಕೆಯ ಕೊರತೆ, ಅಷ್ಟೇ.

ನನಗೆ ಇದು ಪೂರ್ತಿ ಒಪ್ಪಿಗೆಯಿಲ್ಲ. ನಮ್ಮ ತುಂಗಭದ್ರಾ ಎಡದಂಡೆ ಕಾಲುವೆಯನ್ನೇ ನೋಡಿ. ಗಂಗಾವತಿ ಕಡೆ ಭತ್ತಕ್ಕೆ ಜಾಸ್ತಿ ನೀರು ಎಳೆದರೆ, ಕೆಳಗೆ ಮಾನ್ವಿ, ರಾಯಚೂರಿಗೆ ಬರುವಷ್ಟರಲ್ಲಿ ಕಾಲುವೆ ಸೊರಗಿರುತ್ತದೆ. ಮೇಲಿನವರಿಗೆ ಗೊತ್ತಿಲ್ವಾ? ಗೊತ್ತು. ಆದರೆ ಕಣ್ಣೆದುರು ಒಣಗುವುದು ಅವರದೇ ಗದ್ದೆ. ನಾನಿದ್ದರೂ ತೂಬು ಎತ್ತುತ್ತಿದ್ದೆನೇನೋ!

ಅರಿಸ್ಟಾಟಲ್ ಹಿಡಿದದ್ದು ಇದೇ ಎಳೆ. ಆಸೆ ಜೋರಾದಾಗ ತಿಳಿವಳಿಕೆ ಇದ್ದೂ ಕೆಲಸಕ್ಕೆ ಬರುವುದಿಲ್ಲ, ಕುಡಿದವನು ಪದ್ಯ ಒಪ್ಪಿಸಿದ ಹಾಗೆ ಅನ್ನುತ್ತಾನೆ. ಅವನ ಪ್ರಕಾರ ಒಳ್ಳೆಯ ಗುಣ ಸುಮ್ನೆ ಕೇಳಿ ಬರುವುದಲ್ಲ. ಮಾಡಿ ಮಾಡಿ ರೂಢಿಯಾಗಬೇಕು, ಗೋಡೆ ಕಟ್ಟಿ ಕಟ್ಟಿಯೇ ಗೌಂಡಿ ಆಗುವ ಹಾಗೆ.