ಉರಿಯೂತಕ್ಕೆ ಹೆದರಿ ಕೊಟ್ಟ ಮಾತ್ರೆ

(ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ.)

74 ವರ್ಷದ ನಿವೃತ್ತ ಶಿಕ್ಷಕಿಯೊಬ್ಬರ ಮಗ ನನ್ನನ್ನು ಕಾಣಲು ಬಂದಾಗ ಅವರ ಕೈಯಲ್ಲಿ ನೋವು, ಉರಿಯೂತ ತಗ್ಗಿಸುವ ಐಬುಪ್ರೊಫೆನ್ ಮಾತ್ರೆಯ ಶೀಟು ಇತ್ತು. ತಾಯಿಗೆ ಆಲ್ಝೈಮರ್ ಕಾಯಿಲೆ ಇರುವುದು ಎರಡು ವರ್ಷಗಳ ಹಿಂದೆಯೇ ಗೊತ್ತಾಗಿತ್ತು. ಮರೆವು ನಿಧಾನವಾಗಿ ಹೆಚ್ಚುತ್ತಿದ್ದರೂ ಮನೆಯವರನ್ನು ಗುರುತಿಸುತ್ತಾ, ಸಂಜೆ ತಪ್ಪದೆ ದೀಪ ಹಚ್ಚುತ್ತಿದ್ದ ಆಕೆ, ಕಳೆದ ತಿಂಗಳು ಎರಡೇ ದಿನಗಳಲ್ಲಿ ಸೊಸೆಯನ್ನು ಕಳ್ಳಿ ಎಂದು ಕೂಗಿ, ರಾತ್ರಿಯಿಡೀ ತೀರಿಹೋದ ಅಕ್ಕನೊಡನೆ ಮಾತನಾಡತೊಡಗಿದರು. ಕಾಯಿಲೆ ಬಲಿತಿತೆಂದುಕೊಂಡು ಮನೆಯವರು ನಾಲ್ಕು ದಿನ ಕಾದರು. ಐದನೆಯ ದಿನ ಮೂತ್ರದ ಸೋಂಕು ಪತ್ತೆಯಾಯಿತು. ಚಿಕಿತ್ಸೆಯಿಂದ ಕೂಗಾಟ ನಿಂತಿತು. ದೀಪ ಹಚ್ಚುವ ಅಭ್ಯಾಸ ಮಾತ್ರ ಮರಳಲಿಲ್ಲ.

"ಮಿದುಳಿನ ಉರಿಯೂತದಿಂದ ಹೀಗಾಗುತ್ತದೆ ಅಂತ ಓದಿದೆ, ಮೇಡಂ. ಅದಕ್ಕೇ ದಿನಾ ಮಾತ್ರೆ ಕೊಡುತ್ತಿದ್ದೇನೆ. ತಡಮಾಡಿ ಅಮ್ಮನನ್ನು ನಾನೇ ಹಾಳುಮಾಡಿದೆನೇ?"

ಅವರು ಓದಿದ್ದು ಸುಳ್ಳಲ್ಲ. ಮಿದುಳಿನ ರಕ್ಷಣಾ ಕೋಶಗಳಾದ ಮೈಕ್ರೋಗ್ಲಿಯಾಗಳು ಅಲ್ಲಿ ಶೇಖರವಾಗುವ ಅಮಿಲಾಯ್ಡ್ ಎಂಬ ಪ್ರೋಟೀನಿನ ಕಸವನ್ನು ತೆಗೆಯುತ್ತವೆ. ಆದರೆ ವರ್ಷಗಟ್ಟಲೆ ಕೆರಳಿಯೇ ಉಳಿದಾಗ ನರಕೋಶಗಳ ನಡುವಿನ ಕೊಂಡಿಗಳಿಗೂ ಹಾನಿ ಮಾಡುತ್ತವೆ. ಹೀಗೆ ಮೊದಲೇ ಕೆರಳಿರುವ ಮಿದುಳಿಗೆ ದೇಹದ ಬೇರೆಲ್ಲೋ ಆದ ಸೋಂಕಿನ ಸುದ್ದಿ ರಕ್ತದ ಮೂಲಕ ಮುಟ್ಟಿದರೆ, ನಮ್ಮ ಹಿರಿಯರು ಸನ್ನಿ ಎನ್ನುತ್ತಿದ್ದ, ದಿಢೀರನೆ ಬುದ್ಧಿ ಗೊಂದಲಗೊಳ್ಳುವ ಸ್ಥಿತಿ (ಡೆಲಿರಿಯಂ) ಉಂಟಾಗಬಹುದು. ಆದರೆ ಅದಕ್ಕೆ ನೋವಿನ ಮಾತ್ರೆ ಮದ್ದಲ್ಲ. ಅಮೆರಿಕದಲ್ಲಿ 2001ರಲ್ಲಿ ಆರಂಭವಾದ ಅಡಾಪ್ಟ್ ಎಂಬ ಪ್ರಯೋಗದಲ್ಲಿ ಇದೇ ಬಗೆಯ ನೋವಿನ ಮಾತ್ರೆಗಳಾದ ನ್ಯಾಪ್ರೊಕ್ಸೆನ್ ಆಗಲಿ ಸೆಲೆಕಾಕ್ಸಿಬ್ ಆಗಲಿ ಆಲ್ಝೈಮರ್ ಕಾಯಿಲೆಯನ್ನು ತಡೆಯಲಿಲ್ಲ. ಹೃದಯಕ್ಕೆ ಅಪಾಯವಿರಬಹುದೆಂಬ ಆತಂಕದಿಂದ 2004ರಲ್ಲಿ ಮಾತ್ರೆ ಕೊಡುವುದನ್ನೇ ನಿಲ್ಲಿಸಲಾಯಿತು.

ತಾಯಿ ರಕ್ತದೊತ್ತಡದ ಔಷಧಿಯನ್ನೂ ತೆಗೆದುಕೊಳ್ಳುತ್ತಿದ್ದರು, ಎರಡೂ ಸೇರಿದರೆ ಮೂತ್ರಪಿಂಡಕ್ಕೆ ತೊಂದರೆಯಾಗಬಹುದು. ಆದ್ದರಿಂದ ಐಬುಪ್ರೊಫೆನ್ ಅನ್ನು ಅಂದೇ ನಿಲ್ಲಿಸಿ, ವೈದ್ಯರಿಗೆ ವಿಷಯ ತಿಳಿಸಿ, ಮೂತ್ರಪಿಂಡದ ಪರೀಕ್ಷೆ ಬೇಕೇ ಎಂದು ಕೇಳಲು ಹೇಳಿದೆ. ಎಲ್ಲಕ್ಕಿಂತ ಒತ್ತಿ ಹೇಳಿದ ಮಾತೆಂದರೆ, ತಿಂಗಳುಗಳಲ್ಲಿ ಆಗುವ ಬದಲಾವಣೆ ಬೇರೆ, ಗಂಟೆಗಳಲ್ಲಿ ಅಥವಾ ಒಂದೆರಡು ದಿನಗಳಲ್ಲಿ ಆಗುವ ಬದಲಾವಣೆ ಬೇರೆ. ಎರಡನೆಯದು ಕಂಡರೆ, ಜ್ವರವಿಲ್ಲದಿದ್ದರೂ, ಅಂದೇ ವೈದ್ಯರ ಬಳಿಗೆ ಹೋಗಬೇಕು. ಮೂತ್ರ, ಕೆಮ್ಮು, ಮಲಬದ್ಧತೆ, ಬಿದ್ದ ಪೆಟ್ಟು, ಹೊಸದಾಗಿ ಶುರುವಾದ ಮಾತ್ರೆ ಇವನ್ನೆಲ್ಲ ನೆನಪಿಸಿಕೊಂಡು ಹೇಳಬೇಕು. ನೀರು ಕುಡಿಯಲು ಅವರಿಗೆ ನೆನಪಾಗದು, ಹೊತ್ತುಹೊತ್ತಿಗೆ ಲೋಟವನ್ನು ಕೈಗೇ ಕೊಡಬೇಕು.

"ನಿಮ್ಮ ತಪ್ಪೇನೂ ಇಲ್ಲ" ಎಂದಷ್ಟೇ ಹೇಳಿ ಕಳಿಸುವುದು ನನಗೆ ಸರಿಯೆನಿಸಲಿಲ್ಲ. ತಡವಾದದ್ದು ನಿಜ, ಆದರೆ ಸನ್ನಿಯ ಬಗ್ಗೆ ಆ ಎರಡು ವರ್ಷಗಳಲ್ಲಿ ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ ಎಂಬುದೂ ಅಷ್ಟೇ ನಿಜ. ಕಾಯಿಲೆ ಶುರುವಾದದ್ದು ಆ ನಾಲ್ಕು ದಿನಗಳಿಂದಲ್ಲ ಎಂದು ಅವರಿಗೆ ಬಿಡಿಸಿ ಹೇಳಿದೆ.

ಮುಂದಿನ ಭೇಟಿಗೆ ಸೊಸೆಯನ್ನೂ ಕರೆತರಲು ಕೇಳಿದ್ದೇನೆ. ಕಳ್ಳಿ ಎನ್ನಿಸಿಕೊಂಡ ಆಕೆಯನ್ನು ಮನೆಯಲ್ಲಿ ಇದುವರೆಗೆ ಯಾರೂ ಮಾತನಾಡಿಸಿ ಸಮಾಧಾನಪಡಿಸಿಲ್ಲ.