ಈಜಿಪ್ಟನ್ನು ಆಳಿದ ಗ್ರೀಕ್ ದೊರೆಗಳ ಚಿನ್ನದ ನಾಣ್ಯ ಬೇರೆ ಗ್ರೀಕ್ ನಾಣ್ಯಗಳಿಗಿಂತ ಹಗುರ ಯಾಕೆ?

ಹೊರಗಿನ ಚಿನ್ನ, ಬೆಳ್ಳಿ ಒಳಗೆ ಬರಲಿ, ಬದಲಾಯಿಸುವಾಗಿನ ಲಾಭ ಅರಮನೆಗೆ ಸೇರಲಿ ಅಂತ. ಚಿನ್ನದಲ್ಲಿ ಕಲಬೆರಕೆ ಏನಿಲ್ಲ, ಹೆಚ್ಚುಕಡಿಮೆ ಅಪ್ಪಟ. ಕಡಿಮೆ ಮಾಡಿದ್ದು ತೂಕ ಮಾತ್ರ.

ಅಲೆಕ್ಸಾಂಡರನ ಕಾಲದಲ್ಲಿ ಒಂದು ಡ್ರಾಕ್ಮಾ (ಗ್ರೀಕರಿಗೆ ಇದು ತೂಕವೂ ಹೌದು, ಹಣವೂ ಹೌದು) ಸುಮಾರು 4.3 ಗ್ರಾಂ ಇತ್ತು. ಈ ದೊರೆಗಳ ವಂಶದ ಮೊದಲಿಗ ಮೊದಲನೇ ಟಾಲೆಮಿ ಅದನ್ನು ಹಂತಹಂತವಾಗಿ ಸುಮಾರು 3.5 ಗ್ರಾಂಗೆ ಇಳಿಸಿದ. ಜೊತೆಗೆ, ಈಜಿಪ್ಟಿನೊಳಗೆ ತನ್ನ ನಾಣ್ಯ ಮಾತ್ರ ನಡೆಯಬೇಕು ಅಂದ. ಗುಟ್ಟು ಇರೋದೇ ಇಲ್ಲಿ. ಧಾನ್ಯ ಕೊಳ್ಳಲು ಅಲೆಕ್ಸಾಂಡ್ರಿಯಾಕ್ಕೆ ಬಂದ ವ್ಯಾಪಾರಿ ತನ್ನ ಭಾರದ ನಾಣ್ಯ ಕೊಟ್ಟು ಹಗುರದ್ದನ್ನು ತಗೊಳ್ಳಲೇಬೇಕು. ಕ್ರಿ.ಪೂ. 258ರ ಒಂದು ಪಪೈರಸ್ (ಜೊಂಡಿನಿಂದ ಮಾಡಿದ ಹಳೇ ಕಾಗದ) ಪತ್ರದಲ್ಲಿ ಟಂಕಸಾಲೆಯ ಡಿಮೆಟ್ರಿಯಸ್ ಹಣಕಾಸು ಮಂತ್ರಿ ಅಪೊಲೋನಿಯಸ್‌ಗೆ ಗೋಳು ತೋಡಿಕೊಳ್ಳುತ್ತಾನೆ: ಹೊರಗಿನವರ ಚಿನ್ನ ಬದಲಾಗದೆ ಸುಮ್ನೆ ಬಿದ್ದಿದೆ, ಅವರು ಸಿಟ್ಟಾಗಿದ್ದಾರೆ.

ಮೊದಲನೇ ಟಾಲೆಮಿಯ ಮಗ ಎರಡನೇ ಟಾಲೆಮಿಯ ದೊಡ್ಡ ಚಿನ್ನದ ನಾಣ್ಯ ಸುಮಾರು 27.8 ಗ್ರಾಂ. ಬೆಲೆ 100 ಬೆಳ್ಳಿ ಡ್ರಾಕ್ಮಾ. ಒಂದು ಬಗೆಯದರಲ್ಲಿ, ಒಂದು ಕಡೆ ಅವನು ಮತ್ತು ಅರ್ಸಿನೊಯಿ (ಅಕ್ಕನೂ ಅವಳೇ, ಹೆಂಡತಿಯೂ ಅವಳೇ!), ಇನ್ನೊಂದು ಕಡೆ ಅವರ ಅಪ್ಪ ಅಮ್ಮ, ತಲೆಯ ಮೇಲೆ ‘ದೇವರು’ ಅನ್ನೋ ಬರಹದ ಸಮೇತ.